ಕೊಳಲಿಗೂ ಒಂದು ಸರದಿ

ನಮ್ಮ ಶಾಲೆಯ ವಾದ್ಯವೃಂದದಲ್ಲಿ ಒಂದು ದೊಡ್ಡ ಡ್ರಮ್ಮು, ನಾಲ್ಕು ಸೈಡ್ ಡ್ರಮ್ಮು, ಎರಡು ಜೊತೆ ಕಂಚಿನ ತಾಳಗಳಿವೆ. ಕೊಳಲಿನವರು ನಾವು ನಾಲ್ವರು. ಮೈದಾನದ ಆಚೆ ನಿಂತವರಿಗೆ ನಾವು ಬೆರಳಾಡಿಸುವುದಷ್ಟೇ ಕಾಣುತ್ತಿತ್ತು. ಕಳೆದ ಸ್ವಾತಂತ್ರ್ಯ ದಿನಾಚರಣೆಯ ಮೆರವಣಿಗೆ ಮುಗಿದ ಮೇಲೆ ನಮ್ಮಲ್ಲೊಬ್ಬಳ ತಾಯಿ, "ನಿನ್ ಕೊಳ್ಲು ಯಾವಾಗವ್ವ ಸುರುವಾಗದು?" ಎಂದು ಕೇಳಿದರು. ಮರುದಿನ ಅವಳು ಕೊಳಲನ್ನು ಬೀರುವಿನಲ್ಲಿಟ್ಟು, ತನಗೆ ತಾಳ ಕೊಡಿರೆಂದಳು. ಮುಂದಿನ ವರ್ಷ ಕೊಳಲಿನ ಸಾಲೇ ಬೇಡವೆಂಬ ಮಾತೂ ಎದ್ದಿತು.

ಜೋರಾಗಿ ಊದಿರಿ ಎನ್ನುವವರು ಕೊಳಲು ಊದಿ ನೋಡಿದವರಲ್ಲ. ಉಸಿರು ಹೆಚ್ಚಿದರೆ ಶ್ರುತಿ ಏರುತ್ತದೆ, ಇಲ್ಲವೆ ಸ್ವರ ಮೇಲಿನ ಸ್ಥಾಯಿಗೆ ನೆಗೆಯುತ್ತದೆ.

ಡಿಸೆಂಬರಿನಲ್ಲಿ ಮಸಿನಗುಡಿಯಿಂದ ಕಲ್ಹಟ್ಟಿಯ 36 ತಿರುವುಗಳನ್ನೇರಿ ಉದಕಮಂಡಲಕ್ಕೆ ಶಾಲಾ ಪ್ರವಾಸ ಹೋದೆವು. (ಆ ತಿರುವುಗಳಲ್ಲಿ ಯಾರಾರ ಗತಿ ಏನಾಯಿತೆಂದು ಬರೆಯಬಾರದೆಂದು ಗೆಳೆಯರ ಕೋರಿಕೆ.) ಅಲ್ಲಿ ಕೋತರ ವಾದ್ಯ ಕೇಳುವ ಭಾಗ್ಯ ಸಿಕ್ಕಿತು. ನೀಲಗಿರಿಯ ಏಳು ಊರುಗಳಲ್ಲಿರುವ ಈ ಜನರ ಮುಖ್ಯ ವಾದ್ಯ 'ಕೊಳ್'. ಹೆಸರು ನಮ್ಮ ಕೊಳಲಿನ ನಂಟಿನದು. ಆದರೆ ನಾಗಸ್ವರದಂತೆ ಜೋಡಿ ಪೀಪಿಯಿಟ್ಟು ಊದುವಂಥದು. ಇಬ್ಬರು ಒಟ್ಟಿಗೆ, ಉಸಿರು ಕಡಿಯದೆ ನುಡಿಸುತ್ತಾರೆ. ಸುತ್ತಲೂ ಚರ್ಮವಾದ್ಯಗಳು ಮೊಳಗಿದರೂ ಅದು ಕೇಳಿಯೇ ಕೇಳುತ್ತದೆ.

ಅವರಲ್ಲೇ ಮೆಲುದನಿಯ ಇನ್ನೊಂದು ಊದುವ ವಾದ್ಯವೂ ಇದೆ. ಬಿದಿರಿನದು, ಬೆರಳಿಡಲು ತೂತುಗಳುಳ್ಳದ್ದು. ಬಡಗರು ಅದನ್ನು ಬುಗುರಿ ಎನ್ನುತ್ತಾರೆ. ನಾವು ಆಡುವ ಬುಗುರಿಯಲ್ಲ! ಅದನ್ನು ಮೇಳದೊಳಗೆ ತರುವುದಿಲ್ಲ. ಒಬ್ಬರೇ ಇರುವಾಗ, ಬಿಡುವಿನಲ್ಲಿ ನುಡಿಸಿಕೊಳ್ಳುತ್ತಾರೆ. ಇದನ್ನು ಕೇಳಿ ನಮಗೆ ಸ್ವಲ್ಪ ಕಳವಳವೇ ಆಯಿತು. ಹಾಗಾದರೆ ನಮ್ಮ ಕೊಳಲಿನ ಜಾಗವೂ ಮನೆಯ ಜಗಲಿಯೇ?

ಊರಿಗೆ ಮರಳಿದ ಮೇಲೆ ವಿಜ್ಞಾನದ ಮೇಷ್ಟ್ರು ಮೈಸೂರಿನ ಪಿಟೀಲು ಚೌಡಯ್ಯನವರ (1895–1967) ಸಂಗತಿ ಹೇಳಿದರು. ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಹಿಂದೆ ಕುಳಿತವರಿಗೆ ಪಿಟೀಲು ಕೇಳದೆಂದು ಅವರು ನಾಲ್ಕು ತಂತಿಗಳ ಜಾಗದಲ್ಲಿ ಏಳನ್ನು ಕಟ್ಟಿಕೊಂಡರಂತೆ. ನಾವೂ ಬೇರೆ ಬೇರೆ ಸ್ವರ ಬಿಟ್ಟು ಎಲ್ಲರೂ ಒಂದೇ ಸ್ವರ ಹಿಡಿದೆವು, ಅದೂ ಮೇಲಿನ ಸ್ಥಾಯಿಯಲ್ಲಿ. ಮನುಷ್ಯನ ಕಿವಿ ತುಂಬ ಚುರುಕಾಗಿರುವುದು ಸೆಕೆಂಡಿಗೆ ಸುಮಾರು 2000ದಿಂದ 5000 ಕಂಪನಗಳ ನಡುವೆ. ಕೊಳಲು ಮೇಲಕ್ಕೆ ಹೋದಷ್ಟೂ ಅದಕ್ಕೆ ಹತ್ತಿರವಾಗುತ್ತದೆ.

ಅರ್ಧ ಗೆದ್ದೆವು. ಉಳಿದರ್ಧವನ್ನು ಕಂಡುಹಿಡಿದವಳು ತಾಳಕ್ಕೆ ಹೋದವಳೇ. ಒಂದು ದಿನ ಅವಳು ಮೈದಾನದ ಮೂಲೆಯಲ್ಲಿ ನಿಂತು, ಒಂದೊಂದೇ ವಾದ್ಯವನ್ನು ನಿಲ್ಲಿಸಿ ಕೇಳಿಸಿಕೊಂಡಳು. ದೊಡ್ಡ ಡ್ರಮ್ಮು ನಿಂತರೂ ನಾವು ಅಷ್ಟಾಗಿ ಕೇಳಲಿಲ್ಲವಂತೆ. ತಾಳ ನಿಂತೊಡನೆ ಸ್ಪಷ್ಟವಾಗಿ ಕೇಳಿದೆವಂತೆ. ಡ್ರಮ್ಮಿನ ಏಟು ಬಿದ್ದು ಅಡಗುತ್ತದೆ, ತಾಳದ ಝೇಂಕಾರವೋ ಎಳೆಯುತ್ತಲೇ ಇರುತ್ತದೆ. ನಮ್ಮ ಸ್ವರವೆಲ್ಲ ಅದರಡಿ ಮುಚ್ಚಿಹೋಗುತ್ತಿತ್ತು.

ಡ್ರಿಲ್ ಮೇಷ್ಟ್ರು ಒಪ್ಪಿದರು. ಹಾಡಿನ ಎರಡನೆಯ ಭಾಗಕ್ಕೆ ತಾಳ ಪೂರ್ತಿ ಬಂದ್, ಸೈಡ್ ಡ್ರಮ್ಮಿನದು ಅಂಚಿನ ಮೇಲೆ ಮೆಲ್ಲನೆಯ ಪೆಟ್ಟು. ಕೊಳಲಿನ ಸಾಲು ಹಿಂದಿನಿಂದ ಮುಂದಕ್ಕೆ ಬಂತು. ಗಣರಾಜ್ಯೋತ್ಸವದ ದಿನ ಹದಿನಾರು ಹೆಜ್ಜೆಗಳ ಹೊತ್ತು ನಾವೇ ನಾವು. ಬೀರುವಿನ ಕೊಳಲು ಮತ್ತೆ ಹೊರಗೆ ಬಂದಿತ್ತು. ಈಗ ಎಂಟನೆಯ ತರಗತಿಯ ಮೂವರು ಕೊಳಲಿಗೆ ಹೆಸರು ಕೊಟ್ಟಿದ್ದಾರೆ. ತಾಳದವರು ಮಾತ್ರ ಆ ಹದಿನಾರು ಹೆಜ್ಜೆ ಕೈಕಟ್ಟಿ ನಡೆಯಬೇಕಲ್ಲ ಎಂದು ಇನ್ನೂ ಗೊಣಗುತ್ತಿದ್ದಾರೆ.