ಮಾಂಡವಿಯ ಮುಖದಲ್ಲಿ

ನಾವು ಎಂದರೆ ಇಲ್ಲಿ ಒಬ್ಬರೇ. ಹದಿನಾಲ್ಕು ವರ್ಷ ಮುಂಬಯಿಯ ಸರ್ಕಾರಿ ಕಛೇರಿಯೊಂದರಲ್ಲಿ ಕಡತಗಳ ಮೇಲೆ ಟಿಪ್ಪಣಿ ಬರೆದ ಕೈಗೆ ‘ನಾನು’ ಎಂದು ಬರೆಯುವ ರೂಢಿಯೇ ತಪ್ಪಿಹೋಗಿದೆ, ವಾಚಕರು ಮನ್ನಿಸಬೇಕು. ಆದರೆ ಇಲ್ಲಿ ಹೇಳಹೊರಟಿರುವ ಸಾಹಸಕ್ಕೆ ಕಛೇರಿ ಹೊಣೆಯಲ್ಲ, ನಾವೇ ಹೊಣೆ.

ಸಾಹಸವೆಂದರೆ ಟ್ರಯಥ್ಲಾನ್ ಎಂಬ ಸ್ಪರ್ಧೆ. ಮೊದಲು ಈಜಬೇಕು, ಮೈ ಒರೆಸಿಕೊಳ್ಳಲೂ ಪುರಸೊತ್ತಿಲ್ಲದೆ ಸೈಕಲ್ ಹತ್ತಬೇಕು, ಸೈಕಲ್ಲಿನಿಂದ ಇಳಿದವರೇ ಓಡಬೇಕು. ಮೂರಕ್ಕೂ ಸೇರಿ ಒಂದೇ ಗಡಿಯಾರ. ಬೂಟು ಹಾಕಿಕೊಳ್ಳುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. 1974ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋ ನಗರದ ಮಿಷನ್ ಬೇ ಎಂಬಲ್ಲಿ ಆರಂಭವಾದ ಈ ಆಟ 2000ದಲ್ಲಿ ಸಿಡ್ನಿ ಒಲಿಂಪಿಕ್ಸಿಗೂ ಸೇರಿತು. ಅಲ್ಲಿಯ ಅಳತೆ ಒಂದೂವರೆ ಕಿಲೋಮೀಟರು ಈಜು, 40 ಕಿಲೋಮೀಟರು ಸೈಕಲ್, 10 ಕಿಲೋಮೀಟರು ಓಟ. ಅದರಲ್ಲಿ ಸರಿಯಾಗಿ ಅರ್ಧ, ಅಂದರೆ 750 ಮೀಟರು, 20 ಮತ್ತು 5 ಕಿಲೋಮೀಟರುಗಳ ಪಂದ್ಯಕ್ಕೆ ‘ಸ್ಪ್ರಿಂಟ್’ ಎನ್ನುತ್ತಾರೆ. ಸ್ಪ್ರಿಂಟ್ ಎಂದರೆ ಶರವೇಗದ ಓಟ. ನಾವು ಓಡಿದ್ದನ್ನು ಕಂಡವರು ಹೆಸರಿಟ್ಟವನನ್ನು ದೊಡ್ಡ ವಿನೋದಗಾರನೆಂದೇ ತಿಳಿಯಬೇಕು.

ನಮಗೆ ಈಗ ಮೂವತ್ತಾರು. ಡೊಂಬಿವಿಲಿಯಿಂದ ಫೋರ್ಟಿಗೆ ಹೋಗಿಬರಲು ದಿನಕ್ಕೆ ಮೂರು ತಾಸು ಲೋಕಲ್ ಗಾಡಿಯಲ್ಲಿ, ಎಂಟು ತಾಸು ಕುರ್ಚಿಯಲ್ಲಿ. ಎರಡು ವರ್ಷಗಳ ಹಿಂದೆ ವೈದ್ಯರು ರಕ್ತದ ವರದಿಯನ್ನು ನೋಡಿ, ಸಕ್ಕರೆ ಅಂಚಿಗೆ ಬಂದು ನಿಂತಿದೆ, ನಡೆಯಲು ಶುರುಮಾಡಿ ಎಂದರು. ನಡೆದೆವು. ನಡಿಗೆ ಓಟವಾಯಿತು. ಕಛೇರಿಯ ಸಹೋದ್ಯೋಗಿಯೊಬ್ಬರು ತಮ್ಮ ಹಳೆಯ ಗೇರ್ ಸೈಕಲನ್ನು ಕಡಿಮೆ ಬೆಲೆಗೆ ಕೊಟ್ಟರು. ಅದರ ಜೊತೆಗೇ ಈ ಹುಚ್ಚನ್ನೂ ಕೊಟ್ಟರು. ಗೋವೆಯ ಪಣಜಿಯಲ್ಲಿ ಚಳಿಗಾಲದಲ್ಲೊಂದು ಚಿಕ್ಕ ಸ್ಪರ್ಧೆ ಇದೆ ಎಂದು ತಿಳಿದು ಹೆಸರು ಕೊಟ್ಟುಬಿಟ್ಟೆವು. ನಮ್ಮ ಮನೆಯವರು ಕೇಳಿದ್ದು ಒಂದೇ ಮಾತು: “ಡಾಕ್ಟರು ನಡೀರಿ ಅಂದ್ರ, ನೀವು ಸಮುದ್ರಕ್ಕ ಬೀಳ್ತೀನಿ ಅಂತೀರಲ್ರೀ?”

ಈಜು ಬಾರದವರೇನಲ್ಲ ನಾವು. ಧಾರವಾಡದಿಂದ ಕಲಘಟಗಿಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಹೊಲದ ಬಾವಿಯಲ್ಲಿ ಅಪ್ಪ ಬೆನ್ನಿಗೆ ಬೆಂಡು ಕಟ್ಟಿ, ನಡುವಿಗೆ ಹಗ್ಗ ಬಿಗಿದು, ಹಗ್ಗದ ಇನ್ನೊಂದು ತುದಿಯನ್ನು ತಾನು ಹಿಡಿದು ದಂಡೆಯ ಮೇಲೆ ನಿಲ್ಲುತ್ತಿದ್ದ. ಬೆಂಡು ಹೋಯಿತು, ಹಗ್ಗ ಬಿಚ್ಚಿಯೂ ಆಯಿತು. ಆದರೂ ನಾವು ನೀರಿಗೆ ಇಳಿದಾಗಲೆಲ್ಲ ಅಪ್ಪ ಹಗ್ಗವನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಅಲ್ಲಿಯೇ ಇರುತ್ತಿದ್ದ. ಬಾವಿಯ ಈಜಿಗೆ ಒಂದು ಸೌಲಭ್ಯವುಂಟು: ದಣಿವಾದರೆ ಎರಡು ಕೈ ಅಳತೆಯಲ್ಲಿ ಕಲ್ಲು ಸಿಗುತ್ತದೆ. ಮುಂಬಯಿಯ ಈಜುಕೊಳದಲ್ಲೂ ಅಷ್ಟೇ. ಹೀಗಾಗಿ ನಮ್ಮ ಈಜೆಲ್ಲ ಗೋಡೆಯಿಂದ ಗೋಡೆಗೆ ಆದದ್ದು. ಈ ಸಂಗತಿ ನಮಗೆ ಹೊಳೆದದ್ದು ಗೋಡೆಯಿಲ್ಲದ ಕಡೆಗೆ ಹೋದ ಮೇಲೆ.

ಸೈಕಲನ್ನು ಗೋಣಿತಟ್ಟಿನಲ್ಲಿ ಸುತ್ತಿ, ಸಾಮಾನಿನ ಡಬ್ಬಿಗೆ ಬರೆಸಿ, ರಾತ್ರಿ ಹೊರಡುವ ಕೊಂಕಣಕನ್ಯಾ ಗಾಡಿಯಲ್ಲಿ ಸಂಸಾರಸಮೇತ ಹೊರಟೆವು. ಪಾರ್ಸೆಲ್ ಕಛೇರಿಯಲ್ಲಿ ಎರಡು ಪ್ರತಿಗಳಲ್ಲಿ ಅರ್ಜಿ ತುಂಬಿಸಿಕೊಂಡರು. ಬೇರೆಯವರಿಗೆ ಅದು ಕಿರಿಕಿರಿಯಾದೀತು. ನಮಗೆ ಮನೆಗೆ ಬಂದಷ್ಟು ಹಿತವಾಯಿತು.

ಬೆಳಿಗ್ಗೆ ಕರ್ಮಳಿಯಲ್ಲಿ ಇಳಿದು, ಮನೆಯವರನ್ನೂ ಮಕ್ಕಳನ್ನೂ ಹಳೆಯ ಗೋವೆಯಲ್ಲಿ ಕದಂಬ ಬಸ್ಸು ಹತ್ತಿಸಿದೆವು. ಗೋವೆಯ ಸರ್ಕಾರಿ ಬಸ್ಸುಗಳಿಗೆ ಕದಂಬರ ಹೆಸರು. ಬನವಾಸಿಯ ವಂಶದ ಶಾಖೆಯೊಂದು ಈ ನಾಡನ್ನೂ ಆಳಿತಷ್ಟೆ. ಟಿಕೆಟ್ಟಿನ ಮೇಲೆ ಆ ಹೆಸರನ್ನು ತೋರಿಸಿ ಮಗಳಿಗೆ ಇತಿಹಾಸ ಹೇಳಹೋದೆವು. ಅವಳು ಕಿಟಕಿ ಸೀಟಿಗಾಗಿ ತಮ್ಮನೊಡನೆ ಜಗಳದಲ್ಲಿದ್ದಳು. ನಾವು ಗೋಣಿ ಬಿಚ್ಚಿ ಸೈಕಲ್ ಹತ್ತಿದೆವು.

ಗೋವೆಗೆ ಹೋಗಿಬಂದ ನಮ್ಮ ಸಂಘದ ಸದಸ್ಯರು ಬಹಳ ಮಂದಿ ಇದ್ದಾರೆ. ಮಂಗೇಶಿ, ಶಾಂತಾದುರ್ಗೆಯರ ದರ್ಶನ ಮಾಡಿ ಬಂದವರೂ ಇದ್ದಾರೆ. ಆದರೆ ರೈಬಂದರದಿಂದ ಪಣಜಿಗೆ ಸೈಕಲ್ ಮೇಲೆ ಹೋದವರು ಎಷ್ಟು ಜನವೋ ಕಾಣೆವು. ಅಲ್ಲಿ ಪೋರ್ಚುಗೀಜರು 1634ರ ಸುಮಾರಿಗೆ ಕಟ್ಟಿಸಿದ ಕಲ್ಲಿನ ಒಡ್ಡುದಾರಿಯೊಂದಿದೆ. ಮೂರು ಕಿಲೋಮೀಟರಿನಷ್ಟು ಉದ್ದ. ಎಡಗಡೆಗೆ ಉಪ್ಪಿನ ಗದ್ದೆಗಳು, ಬಲಗಡೆಗೆ ಮಾಂಡವಿ ನದಿ. ಸಪಾಟು ದಾರಿ, ತಣ್ಣನೆಯ ಗಾಳಿ, ನೀರಿನ ಅಂಚಿನಲ್ಲಿ ಬೆಳ್ಳಕ್ಕಿಗಳು. ನಾಳಿನ ಸ್ಪರ್ಧೆ ಇಲ್ಲೇ ಮುಗಿದರೆ ಸಾಕಿತ್ತು ಎನ್ನಿಸಿತು.

ಈ ಮಾಂಡವಿ ಬೇರೆ ಯಾರೂ ಅಲ್ಲ, ನಮ್ಮ ಮಹದಾಯಿ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟಿ, ಘಟ್ಟ ಇಳಿದು, ಪಣಜಿಯಲ್ಲಿ ಸಮುದ್ರ ಸೇರುತ್ತಾಳೆ. ಅವಳ ಉಪನದಿಗಳ ನೀರನ್ನು ಮಲಪ್ರಭೆಗೆ ತಿರುಗಿಸಿಕೊಳ್ಳಬೇಕೆಂಬ ಕಳಸಾ-ಬಂಡೂರಿ ಹೋರಾಟ ಎಷ್ಟು ದೀರ್ಘವಾದುದೆಂಬುದು ಉತ್ತರ ಕರ್ನಾಟಕದ ವಾಚಕರಿಗೆ ಗೊತ್ತೇ ಇದೆ. 2010ರಲ್ಲಿ ನ್ಯಾಯಮಂಡಳಿ ರಚನೆಯಾಯಿತು, 2018ರಲ್ಲಿ ತೀರ್ಪು ಬಂದಿತು. ನವಲಗುಂದದ ಕಡೆಯ ನಮ್ಮ ಸೋದರಮಾವ ಈ ನೀರಿಗಾಗಿ ರಸ್ತೆಯ ಮೇಲೆ ಕುಳಿತವರು. ಆ ನೀರು ಇಷ್ಟು ಅಗಲವಾಗಿ, ಇಷ್ಟು ಸಾವಕಾಶವಾಗಿ, ಜೂಜಿನ ಹಡಗುಗಳನ್ನು ಹೊತ್ತುಕೊಂಡು ಹೋಗುತ್ತಿದ್ದುದನ್ನು ನೋಡಿ ಸೈಕಲ್ಲಿನಿಂದ ಇಳಿದು ಸ್ವಲ್ಪ ಹೊತ್ತು ನಿಂತೆವು.

ಸಂಜೆ ಮೀರಾಮಾರ್ ಕಡಲತೀರಕ್ಕೆ ಹೋದೆವು. ನದಿ ಸಮುದ್ರಕ್ಕೆ ಕೂಡುವ ಬಾಯಿಯಲ್ಲೇ ಈ ಮರಳದಂಡೆ. ಗೋವೆಯ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡಕರರ ಸಮಾಧಿ ಇಲ್ಲಿಯೇ ಇದೆ. ಕಡಲಿಗೆ ಮುಖಮಾಡಿ ನಿಂತರೆ ಬಲಕ್ಕೆ, ನೀರಿನ ಆಚೆಗೆ, 1612ರ ಅಗ್ವಾದ ಕೋಟೆಯ ಗುಡ್ಡ; ಎಡಕ್ಕೆ ದೋನಾಪಾವ್ಲಾ. 2019ರಲ್ಲಿ ಐರನ್‌ಮ್ಯಾನ್ 70.3 ಎಂಬ ದೊಡ್ಡ ಪಂದ್ಯವನ್ನು ಇದೇ ದಂಡೆಯಿಂದ ಹೊರಡಿಸಿದರು. ಅದರಲ್ಲಿ ಈಜು 1.9 ಕಿಲೋಮೀಟರು, ಸೈಕಲ್ 90, ಓಟ 21.1. ಅದರ ಮುಂದೆ ನಮ್ಮದು ಮಕ್ಕಳಾಟ ಎಂದು ಧೈರ್ಯ ಹೇಳಿಕೊಂಡೆವು. ಮಗ ಮಾತ್ರ ನೀರಿನಲ್ಲಿ ತೇಲುತ್ತಿದ್ದ ಕಿತ್ತಳೆ ಬಣ್ಣದ ಬುರುಡೆಗಳನ್ನು ತೋರಿಸಿ, “ಅಪ್ಪಾ, ಅಲ್ಲೀತನಕ ಹೋಗಬೇಕಾ?” ಎಂದು ಕೇಳಿದ. ಹೌದು ಎಂದೆವು. ಅವನು ಮತ್ತೇನೂ ಕೇಳದೆ ನಮ್ಮ ಕೈ ಹಿಡಿದುಕೊಂಡ. ಆ ರಾತ್ರಿ ಮೊಸರನ್ನ ಉಂಡು ಮಲಗಿದೆವು; ನಿದ್ದೆ ಬಂದಿತೆಂದು ಹೇಳಲಾರೆವು.

ಬೆಳಿಗ್ಗೆ ಆರು ಗಂಟೆಗೆ ಕತ್ತಲಲ್ಲೇ ತೋಳಿನ ಮೇಲೆ ಮಸಿಯಿಂದ ಸಂಖ್ಯೆ ಬರೆದರು. ಕಡತಗಳಿಗೆ ಸಂಖ್ಯೆ ಹಾಕುತ್ತ ಬಂದವರು ನಾವೇ ಒಂದು ಕಡತವಾದೆವು. ಕಾಲಿಗೆ ಸಮಯ ಅಳೆಯುವ ಪಟ್ಟಿ ಕಟ್ಟಿದರು. ನಿಯಮಗಳನ್ನು ಧ್ವನಿವರ್ಧಕದಲ್ಲಿ ಹೇಳಿದರು. ನಮ್ಮ ಕಿವಿಗೆ ಅಲೆಯ ಸದ್ದಿನ ಹೊರತು ಬೇರೇನೂ ಬೀಳಲಿಲ್ಲ. 250 ಮೀಟರು ನೇರ ಒಳಕ್ಕೆ, ಎಡಕ್ಕೆ ತಿರುಗಿ ದಂಡೆಗೆ ಸಮನಾಗಿ 250, ಮತ್ತೆ ಎಡಕ್ಕೆ ತಿರುಗಿ ದಂಡೆಗೆ. ಅರ್ಧ ತಾಸಿನೊಳಗೆ ಮೇಲಕ್ಕೆ ಬಾರದವರಿಗೆ ಸೈಕಲ್ ಇಲ್ಲ.

ಮೊದಲ ಬುರುಡೆಯವರೆಗೆ ಚೆನ್ನಾಗಿಯೇ ಹೋದೆವು. ನೀರು ಬೆಚ್ಚಗಿತ್ತು, ಉಪ್ಪುನೀರಾದ್ದರಿಂದ ಮೈ ಬಾವಿಯಲ್ಲಿಗಿಂತ ಹಗುರವಾಗಿ ತೇಲುತ್ತಿತ್ತು. ಎಡಕ್ಕೆ ತಿರುಗಿದ ಕೂಡಲೇ ಅಲೆಗಳು ಪಕ್ಕದಿಂದ ಬಡಿಯತೊಡಗಿದವು. ಉಸಿರಿಗೆಂದು ಬಾಯಿ ತೆರೆದರೆ ನೀರು. ಮತ್ತೊಮ್ಮೆ ತೆರೆದರೆ ಮತ್ತೂ ನೀರು. ಎರಡು ರಾಜ್ಯಗಳು ವರ್ಷಗಟ್ಟಲೆ ವ್ಯಾಜ್ಯವಾಡಿದ ನೀರನ್ನು ನಾವು ಯಾವ ನ್ಯಾಯಮಂಡಳಿಯ ಅಪ್ಪಣೆಯೂ ಇಲ್ಲದೆ ಮೂರು ಬೊಗಸೆ ಕುಡಿದೆವು. ಈಗ ನಗೆ ಬರುತ್ತದೆ. ಆಗ ಬರಲಿಲ್ಲ. ಕೆಳಗೆ ನೋಡಿದರೆ ನಮ್ಮ ಕೈಯೇ ನಮಗೆ ಕಾಣದಷ್ಟು ರಾಡಿ. ಕೈ ಚಾಚಿದರೆ ಕಲ್ಲಿಲ್ಲ. ಎದೆಯೊಳಗೆ ಯಾರೋ ಹಗ್ಗ ಬಿಗಿದಂತಾಯಿತು. ದಂಡೆಯ ಮೇಲೆ ನಿಂತ ಮಗನ ನೆನಪಾಯಿತು. ಕೈ ಎತ್ತಿದರೆ ಕಾವಲಿನ ದೋಣಿ ಬರುತ್ತದೆ, ಅಲ್ಲಿಗೆ ನಮ್ಮ ಪಂದ್ಯ ಮುಗಿಯುತ್ತದೆ. ಎತ್ತದಿದ್ದರೆ ಬೇರೇನಾದರೂ ಮುಗಿದೀತು ಎಂಬ ಯೋಚನೆಯೂ ಬಂದುಹೋಯಿತು. ಕೈ ಅರ್ಧಕ್ಕೆ ಏರಿತ್ತು. ಬಾಯಿಂದ ನಮಗರಿಯದೆ “ಯವ್ವಾ!” ಎಂದು ಹೊರಟಿತು.

“ಯಾಕ್ರಿ ಸಾಹೇಬ್ರ, ದಮ್ ಹತ್ತೇತೇನ್ರಿ? ಹಿಡ್ಕೋರಿ.”

ನೋಡಿದರೆ ಕಯಾಕ್ ಎಂಬ ಕಿರುದೋಣಿಯ ಮೇಲೆ ಇಪ್ಪತ್ತು ವರ್ಷದ ಹುಡುಗ. ಹಿಡಿದರೆ ನಾವು ಹೊರಗಾಗುತ್ತೇವಲ್ಲ ಎಂದೆವು, ಎಂದೆವೋ ಕೆಮ್ಮಿದೆವೋ.

“ಇಲ್ರಿ, ಹಿಡಕೊಂಡು ನಿಂದ್ರಾಕ ಪರವಾನಗಿ ಐತ್ರಿ. ದೋಣಿ ಮುಂದ ಹೋಗಬಾರದು, ಅಷ್ಟ. ಹೊರಗ ಕರಕೊಂಡು ಹೋಗು ಅಂದ್ರ ಮಾತ್ರ ಆಟ ಮುಗೀತು.”

ಈ ನಿಯಮ ನಿಜವಾಗಿಯೂ ಇದೆ. ನಿಂತ ದೋಣಿಯನ್ನಾಗಲಿ ತೇಲುವ ಬುರುಡೆಯನ್ನಾಗಲಿ ಹಿಡಿದು ವಿಶ್ರಮಿಸಬಹುದು, ಮುಂದಕ್ಕೆ ಸಾಗುವಂತಿಲ್ಲ. ಧ್ವನಿವರ್ಧಕದಲ್ಲಿ ಹೇಳಿದ್ದರಂತೆ. ಕಛೇರಿಯಲ್ಲಿ ಎಲ್ಲರಿಗೂ ನಿಯಮ ತೋರಿಸುವ ನಮಗೆ ಜೀವ ಉಳಿಸುವ ನಿಯಮವೊಂದೇ ಗೊತ್ತಿರಲಿಲ್ಲ.

ದೋಣಿಯ ಮೂತಿ ಹಿಡಿದು ಒಂದೆರಡು ನಿಮಿಷ ತೇಲಿದೆವು. ಯಾವ ಊರು ಎಂದು ಕೇಳಿದೆವು. “ಸಿಂದಗಿ ಕಡೆ ಅಂತಾರ್ರಿ. ನಾ ಹುಟ್ಟಿದ್ದು ವಾಸ್ಕೋದಾಗ,” ಎಂದ. ಅಪ್ಪ ಅವ್ವ ಗೌಂಡಿ ಕೆಲಸಕ್ಕೆ ಬಂದವರಂತೆ. ನಮ್ಮ ಮಕ್ಕಳ ಕನ್ನಡದಲ್ಲಿ ಮರಾಠಿಯ ಎಳೆ ಇರುವಂತೆ ಅವನದರಲ್ಲಿ ಕೊಂಕಣಿಯದಿತ್ತು. “ನೀರು ನೋಡಬ್ಯಾಡ್ರಿ. ನಾಕು ಸಲ ಕೈ ಹಾಕಿ ಒಮ್ಮೆ ತೆಲಿ ಎತ್ತಿ ಆ ಬುರುಡಿ ನೋಡ್ರಿ. ಕಪ್ಪಿ ಈಜು ಈಜಿದ್ರೂ ನಡೀತೈತಿ,” ಎಂದು ಹೇಳಿ, ದೋಣಿಯನ್ನು ಹಿಂದಕ್ಕೆ ಎಳೆದುಕೊಂಡ. ಬಾವಿಯಲ್ಲಿ ಕಲಿತದ್ದು ಕಪ್ಪೆ ಈಜೇ. ಅದನ್ನೇ ಈಜಿದೆವು. ಬುರುಡೆ ನೋಡಿದೆವು. ಸ್ವಲ್ಪ ದೂರ ಬಲಗಡೆಯಲ್ಲಿ ಹುಟ್ಟಿನ ಸದ್ದು ಕೇಳಿಸುತ್ತಿತ್ತು. ಅವನು ಸಮನಾಗಿ ಬರುತ್ತಿದ್ದನೆಂದು ತೋರುತ್ತದೆ. ಇಪ್ಪತ್ತೆಂಟನೆಯ ನಿಮಿಷಕ್ಕೆ ಕಾಲಿಗೆ ಮರಳು ತಾಗಿತು.

ಉಳಿದುದನ್ನು ಬೇಗ ಹೇಳಿಬಿಡುತ್ತೇವೆ. ಸೈಕಲ್ ತೆಗೆಯುವ ಮೊದಲೇ ಶಿರಸ್ತ್ರಾಣದ ಪಟ್ಟಿ ಬಿಗಿದಿರಬೇಕೆಂಬುದು ನಿಯಮ. ಮರೆತು ಹೊರಟವರನ್ನು ಮೇಲ್ವಿಚಾರಕರು ಹಿಂದಕ್ಕೆ ಕಳಿಸಿದರು. ದೋನಾಪಾವ್ಲಾದಲ್ಲಿ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಕಡೆಗೆ ಏರುವ ರಸ್ತೆಯಲ್ಲಿ, ನೆರೆಗೂದಲಿನ ಮಹಿಳೆಯೊಬ್ಬರು ‘ನಮಸ್ಕಾರ’ ಎನ್ನುತ್ತ ನಮ್ಮನ್ನು ದಾಟಿಹೋದರು. ಎರಡನೆಯ ಸುತ್ತಿನಲ್ಲಿಯೂ ಅವರೇ. ಸೈಕಲ್ ಇಳಿದು ಓಡಹೊರಟರೆ ಕಾಲುಗಳು ಬೇರೆ ಯಾರದೋ ಕಡ ತಂದಂತೆ. ಕಲಾ ಅಕಾಡೆಮಿಯ ಹತ್ತಿರ ಮರಗಳ ನೆರಳು ಬಂದ ಮೇಲೆ ಅವು ನಮ್ಮವಾದವು. ಒಟ್ಟು 2 ತಾಸು 14 ನಿಮಿಷ. ನಮ್ಮ ಹಿಂದೆ ಹನ್ನೊಂದು ಜನರಿದ್ದರು, ಎಣಿಸಿದ್ದೇವೆ. “ಅಪ್ಪಾ, ಮೊದಲು ಬಂದವರು ಮನೆಗೆ ಹೋಗಿಬಿಟ್ಟರು,” ಎಂದು ಮಗಳು ವರದಿ ಒಪ್ಪಿಸಿದಳು. ಮಗ ನಮ್ಮ ಕೊರಳಿನ ಪದಕವನ್ನು ಬಿಚ್ಚಿಸಿಕೊಂಡು ತನ್ನ ಕೊರಳಿಗೆ ಹಾಕಿಕೊಂಡ.

ನಡೆದದ್ದನ್ನು ನಮ್ಮ ಮನೆಯವರಿಗೆ ಹೇಳಿದೆವು. ಅವರು ಬಯ್ಯಲಿಲ್ಲ. ಊರಿಂದ ಬಂದ ಶೇಂಗಾ ಹೋಳಿಗೆಯ ಡಬ್ಬಿಯನ್ನು ಚೀಲದಿಂದ ತೆಗೆದು, “ಮೊದಲು ಆ ಹುಡುಗನಿಗೆ ಕೊಟ್ಟು ಬರ್ರಿ,” ಎಂದರು. ದಂಡೆಗೆ ಹೋದೆವು. ಕಯಾಕುಗಳನ್ನು ಲಾರಿಗೆ ಏರಿಸಿ ಕಟ್ಟಿಯಾಗಿತ್ತು; ಹುಡುಗರು ಬೇರೆ ಕೆಲಸಕ್ಕೆ ಹೋದರೆಂದು ಯಾರೋ ಹೇಳಿದರು. ಡಬ್ಬಿ ಹಾಗೆಯೇ ಮರಳಿತು.

ಸಂಜೆ ಕರ್ಮಳಿ ನಿಲ್ದಾಣದಲ್ಲಿ ಗಾಡಿ ಕಾಯುತ್ತ ಊರಿಗೆ ಫೋನು ಮಾಡಿದೆವು. ಅಪ್ಪನಿಗೆ ಈಗ ಎಪ್ಪತ್ತು ದಾಟಿದೆ. ಸೈಕಲ್, ಓಟ, ಪದಕ ಯಾವುದರ ಬಗೆಗೂ ಅವನಿಗೆ ಕುತೂಹಲವಿರಲಿಲ್ಲ.

“ತಳ ಕಾಣ್ತಿತ್ತೇನು?”

“ಇಲ್ಲಪ್ಪಾ.”

ಸ್ವಲ್ಪ ಹೊತ್ತು ಸುಮ್ಮನಿದ್ದ. “ಮತ್ತ ಹಗ್ಗ ಯಾರ ಕೈಯಾಗ ಇತ್ತು?”

ಹುಡುಗನ ಸಂಗತಿ ಹೇಳಿದೆವು. ಯಾವ ಊರಾಂವ ಎಂದು ಕೇಳಿದ. ಸಿಂದಗಿ ಕಡೆಯಾಂವಂತ ಎಂದೆವು.

“ಹೆಸರೇನಂತ?”

ಗಾಡಿ ಬರುವ ಘೋಷಣೆಯಾಗುತ್ತಿತ್ತು. ಅಪ್ಪ ಮತ್ತೊಮ್ಮೆ ಕೇಳಿದ. ಊರು ಕೇಳಿದ್ದೆವು; ಹೆಸರು ಕೇಳಿರಲಿಲ್ಲ.