ಅವ್ವಾ, ಕೈ ತೋರ್ಸು

ನಿಮ್ಮ ಮನೆಯಲ್ಲೂ ಆ ಚಿತ್ರದ ಪ್ರಿಂಟ್ ಇದ್ದಿರಬಹುದು: ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಅದಕ್ಕೆ ಮರೆ ಮಾಡಿ ನಿಂತ ಹೆಣ್ಣುಮಗಳು. ಮೂಡಲಗಿಯ ನಮ್ಮ ಮನೆಯ ಗೋಡೆಯ ಮೇಲೂ ಇತ್ತು. ರಾಜಾ ರವಿವರ್ಮರ ಚಿತ್ರ ಅಂತಲೇ ನಾನು ತಿಳಿದಿದ್ದೆ.

ಬೆಂಗಳೂರಿನಲ್ಲಿ ಭಾನುವಾರದ ಪೇಂಟಿಂಗ್ ಕ್ಲಾಸಿಗೆ ಸೇರಿದ ಮೇಲೆ, ಹಳೆಯ ಕಲಾವಿದರ ಒಂದು ಚಿತ್ರವನ್ನು ತೈಲವರ್ಣದಲ್ಲಿ ನಕಲು ಮಾಡಿ ಅಂದರು ಸರ್. ನಾನು ಇದನ್ನೇ ಆರಿಸಿಕೊಂಡೆ. ಅವರು ನಕ್ಕರು. "ಇದು ರವಿವರ್ಮರದ್ದಲ್ಲ, ಸಾವಂತವಾಡಿಯ ಎಸ್.ಎಲ್. ಹಲ್ದಂಕರ್ ಅವರದ್ದು. ತೈಲವರ್ಣವೂ ಅಲ್ಲ, ಜಲವರ್ಣ." 1940ರ ದಶಕದ ಆ ಮೂಲಚಿತ್ರ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ. ದೀಪ ಹಿಡಿದು ನಿಂತವರು ಕಲಾವಿದರ ಮಗಳೇ.

ಜಲವರ್ಣದಲ್ಲಿ ಬೆಳಕು ಅಂದರೆ ಬಣ್ಣ ಹಚ್ಚದೆ ಉಳಿಸಿಕೊಂಡ ಕಾಗದ. ಒಮ್ಮೆ ಕಪ್ಪಾಯಿತೆಂದರೆ ಆ ಬಿಳುಪು ಮರಳಿ ಬರೋದು ಕಷ್ಟ. ತೈಲವರ್ಣದಲ್ಲಿ ಮೊದಲು ತೆಳುವಾಗಿ ನೆರಳು, ಕೊನೆಗೆ ದಪ್ಪನೆಯ ಬಣ್ಣದಲ್ಲಿ ಬೆಳಕು. ತಪ್ಪಿದರೆ ಹಸಿ ಇದ್ದಾಗಲೇ ಬಟ್ಟೆಯಿಂದ ಒರೆಸಬಹುದು, ಕಂಟ್ರೋಲ್ ಝಡ್ ಒತ್ತಿದ ಹಾಗೆ. ಸದ್ಯ, ಬಚಾವಾದೆ ಅಂದುಕೊಂಡೆ.

ಮುಖ, ಸೀರೆ ಹೇಗೋ ಬಂದವು. ಬೆರಳು ಮಾತ್ರ ಬರಲಿಲ್ಲ. ದೀಪದ ಬೆಳಕು ಬೆರಳುಗಳಲ್ಲಿ ಕೆಂಪಗೆ ಹಾಯುತ್ತದಲ್ಲ, ಅದಕ್ಕೆ ಕೆಂಪು ಹಚ್ಚಿದಷ್ಟೂ ಗಾಯದ ಹಾಗೆ ಕಾಣುತ್ತಿತ್ತು. ನಾಲ್ಕು ಸಲ ಒರೆಸಿದೆ.

ದೀಪಾವಳಿಗೆ ಊರಿಗೆ ಹೋದಾಗ ಒಂದು ರಾತ್ರಿ ಲೈಟ್ ಆರಿಸಿ, ಅವ್ವನ ಕೈಗೆ ಪಣತಿ ಕೊಟ್ಟೆ. "ಇದೇನ ಹುಚ್ಚಾಟೋ ತಮ್ಮಾ" ಅಂತ ನಗುತ್ತಲೇ ನಿಂತಳು. ಆಗ ಗೊತ್ತಾಯಿತು: ಕೆಂಪು ಇರೋದು ಬೆರಳಿನ ಅಂಚಿನಲ್ಲಿ ಮಾತ್ರ. ನಡುವೆಲ್ಲ ಕತ್ತಲೆ. ಪಕ್ಕದ ಕತ್ತಲೆಯಿಂದಲೇ ಆ ಅಂಚು ಹೊಳೆಯುತ್ತದೆ.

ಇನ್ನೊಂದೂ ಕಂಡಿತು. ಗಾಳಿ ಇರಲಿಲ್ಲ, ಆದರೂ ಗೋಡೆಯ ಮೇಲಿನ ನೆರಳು ಅಲ್ಲಾಡುತ್ತಿತ್ತು.

"ಅವ್ವಾ, ಕೈ ಯಾಕ ನಡಗಾಕತ್ತೈತಿ?"

"ಆರ ತಿಂಗಳಾತು. ಫೋನಿನ್ಯಾಗ ಏನ ಹೇಳೂದು ಅಂತ ಸುಮ್ನಿದ್ನಿ."

ದಿನಾ ವಿಡಿಯೋ ಕಾಲ್ ಮಾಡುತ್ತಿದ್ದೆ. ಅದರಲ್ಲಿ ಮುಖ ಮಾತ್ರ ಕಾಣುತ್ತದೆ.

ಹಬ್ಬ ಮುಗಿದ ಮರುದಿನವೇ ಗೋಕಾಕಕ್ಕೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗುಳಿಗೆ ಶುರುವಾಗಿವೆ. ನಡುಕ ಸ್ವಲ್ಪ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಚಿತ್ರ ಮುಗಿಯಿತು. ಕಿರುಬೆರಳು ಈಗಲೂ ಸ್ವಲ್ಪ ದಪ್ಪವೇ ಇದೆ, ಹಾಗೇ ಬಿಟ್ಟಿದ್ದೇನೆ. ಈಗ ಕಾಲ್ ಮಾಡಿದ ಕೂಡಲೇ ಊಟ ಆತೇನು ಅಂತ ಕೇಳುವ ಮೊದಲು ಹೇಳುತ್ತೇನೆ: "ಅವ್ವಾ, ಕೈ ತೋರ್ಸು."