ಮೊಣಕಾಲಿಗೆ ಮಳೆ, ಕಣ್ಣಿಗೆ ಹಿಮಾಲಯ!

ಸಿನಿಮಾದಲ್ಲಿ ಮಳೆ ಬಂದರೆ ನಾಯಕನ ಕ್ರಾಪು ನೆನೆಯುತ್ತೆ, ನಾಯಕಿಯ ಸೀರೆ ನೆನೆಯುತ್ತೆ. ಆದರೆ ನಾಯಕ ಜೀಪ್ ಹತ್ತಿ ಕೂತನೋ, ಮುಗೀತು! ಹೊರಗೆ ಆಕಾಶವೇ ಕಳಚಿ ಬೀಳಲಿ, ಒಳಗೆ ಅವನ ಪ್ಯಾಂಟಿನ ಇಸ್ತ್ರಿ ಕೂಡ ಕೆಡುವುದಿಲ್ಲ. ಇಂಥ ಜೀಪುಗಳನ್ನು ಎಷ್ಟು ಚಿತ್ರಗಳಲ್ಲಿ ನೋಡಿಲ್ಲ ನಾವು? ನಿಜವಾದ ಹಳೇ ಗಾಡಿಯಲ್ಲಿ, ನಿಜವಾದ ಬೆಟ್ಟದ ಮಳೆಯಲ್ಲಿ ಒಮ್ಮೆ ಕೂತು ನೋಡಿ ಸ್ವಾಮಿ. ಮಳೆ ಮೊದಲು ಬರುವುದು ತಲೆಗಲ್ಲ, ಮೊಣಕಾಲಿಗೆ!

ನನಗೆ ಈ ಅನುಭವ ಆದದ್ದು 2019ರ ಏಪ್ರಿಲ್‌ನಲ್ಲಿ, ಡಾರ್ಜಿಲಿಂಗ್ ಕಡೆಯ ಬೆಟ್ಟದಲ್ಲಿ. ಡಾರ್ಜಿಲಿಂಗ್ ಅಂದಕೂಡಲೇ ಚಿತ್ರಪ್ರೇಮಿಗಳಿಗೆ ನೆನಪಾಗುವುದು ‘ಆರಾಧನಾ’. 1969ರ ಆ ಚಿತ್ರದಲ್ಲಿ ಪುಟಾಣಿ ರೈಲಿನ ಪಕ್ಕದಲ್ಲೇ ತೆರೆದ ಜೀಪು ಓಡುತ್ತೆ. ಜೀಪಿನಲ್ಲಿ ರಾಜೇಶ್ ಖನ್ನಾ, ರೈಲಿನ ಕಿಟಕಿಯಲ್ಲಿ ಶರ್ಮಿಳಾ ಟ್ಯಾಗೋರ್. ಶರ್ಮಿಳಾ ಆಗ ಸತ್ಯಜಿತ್ ರಾಯ್ ಅವರ ಚಿತ್ರದಲ್ಲಿ ಬಿಡುವಿಲ್ಲದೆ ಇದ್ದರು. ಹಾಗಾಗಿ ಆಕೆಯ ಭಾಗವನ್ನು ಸ್ಟುಡಿಯೋದಲ್ಲಿ ಬೇರೆಯಾಗಿ ತೆಗೆದು ಜೋಡಿಸಿದರು. ಕತ್ತರಿಯ ಕೈಚಳಕ ಅಂದರೆ ಅದು! ಆ ಜೀಪು ಓಡಿದ ಊರಿನಿಂದ ಸುಮಾರು 26 ಕಿಲೋಮೀಟರ್ ಆಚೆಗೆ ಮಾನೇಭಂಜನ್ ಅಂತ ಒಂದು ಪುಟ್ಟ ಊರಿದೆ. ಅಲ್ಲಿ ಕತ್ತರಿ ಗಿತ್ತರಿ ಏನೂ ನಡೆಯುವುದಿಲ್ಲ. ಗಾಡಿಯೂ ನಿಜ, ಪ್ರಪಾತವೂ ನಿಜ.

ಮುದುಕರ ಸ್ಟ್ಯಾಂಡು

ಮಾನೇಭಂಜನ್‌ನಲ್ಲಿ ಬೀದಿಯ ಈ ಕಡೆ ಭಾರತ, ಆ ಕಡೆ ನೇಪಾಳ. ಒಂದು ದೇಶದಲ್ಲಿ ಟೀ ಕುಡಿದು ಇನ್ನೊಂದು ದೇಶದಲ್ಲಿ ಬೀಡಿ ಹಚ್ಚಬಹುದು! ಇಲ್ಲಿಂದ ಸಂದಕ್‌ಫು ಶಿಖರಕ್ಕೆ ಹೆಚ್ಚುಕಡಿಮೆ 32 ಕಿಲೋಮೀಟರ್. ಎತ್ತರ 3,636 ಮೀಟರ್, ಇಡೀ ಪಶ್ಚಿಮ ಬಂಗಾಳದಲ್ಲಿ ಅದಕ್ಕಿಂತ ಎತ್ತರದ ಜಾಗ ಇಲ್ಲ. ಈ ದಾರಿಯಲ್ಲಿ ಹಲವು ದಶಕಗಳಿಂದ ಜನರನ್ನೂ ಅಕ್ಕಿಮೂಟೆಯನ್ನೂ ಹೊತ್ತುಕೊಂಡು ಹೋಗುತ್ತಿದ್ದದ್ದು ಹಳೆಯ ಲ್ಯಾಂಡ್ ರೋವರ್ ಗಾಡಿಗಳು. ನಾನು ಹೋದಾಗ ಸ್ಟ್ಯಾಂಡಿನಲ್ಲಿ ಅವು ಸಾಲಾಗಿ ನಿಂತಿದ್ದವು. ಪಿಂಚಣಿ ತೆಗೆದುಕೊಳ್ಳಲು ಬಂದ ಮುದುಕರ ಹಾಗೆ! ಪಕ್ಕದಲ್ಲೇ ಹೊಳೆಯುವ ಬೊಲೆರೋಗಳೂ ಇದ್ದವು.

ಲ್ಯಾಂಡ್ ರೋವರ್ ಒಂದು ರೀತಿಯಲ್ಲಿ ಜೀಪಿನ ತಮ್ಮ. ಎರಡನೇ ಮಹಾಯುದ್ಧ ಮುಗಿದ ಮೇಲೆ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ತಮ್ಮ ಜಮೀನಿನಲ್ಲಿ ಒಂದು ಹಳೇ ಮಿಲಿಟರಿ ಜೀಪ್ ಓಡಿಸುತ್ತಿದ್ದರು. ಅದನ್ನು ನೋಡಿಯೇ ಇಂಥದ್ದೊಂದನ್ನು ನಾವೂ ಮಾಡೋಣ ಅಂತ ಹೊಳೆದದ್ದು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಮೊದಲ ಗಾಡಿ ಜನರ ಮುಂದೆ ಬಂತು. ಆಗ ಇಂಗ್ಲೆಂಡಿನಲ್ಲಿ ಉಕ್ಕಿಗೆ ರೇಷನ್. ಅದಕ್ಕೇ ಮೈಯೆಲ್ಲ ಅಲ್ಯೂಮಿನಿಯಂ ಬೆರೆತ ತಗಡು. ಆದರೆ ಮುಂದಿನ ಗಾಜಿನ ಕೆಳಗೆ, ಎಂಜಿನ್ನಿಗೂ ನಮಗೂ ಮಧ್ಯೆ ನಿಲ್ಲುವ ಗೋಡೆ ಮಾತ್ರ ಉಕ್ಕಿನದು. ಈ ಗೋಡೆಯನ್ನು ನೆನಪಿಟ್ಟುಕೊಳ್ಳಿ, ನಮ್ಮ ಕಥೆಯ ಖಳನಾಯಕ ಇರುವುದು ಅಲ್ಲೇ.

ಖಳನೋ, ನಾಯಕನೋ?

ನಾನು ಹತ್ತಿದ ಗಾಡಿಯ ಡ್ರೈವರಿಗೆ ಅರವತ್ತು ದಾಟಿತ್ತು. ಅಲ್ಲಿ ಎಲ್ಲರೂ ಅವರನ್ನು ‘ದಾಜು’ ಅನ್ನುತ್ತಿದ್ದರು. ನೇಪಾಳಿಯಲ್ಲಿ ಹಾಗಂದರೆ ಅಣ್ಣ. ನಾನೂ ದಾಜು ಅಂದೆ. ಅವರ ಹಿಂದಿ, ನನ್ನ ಹಿಂದಿ, ಎರಡೂ ಕುಂಟುತ್ತಾ ಹೇಗೋ ಜೊತೆಗೆ ನಡೆದವು.

ಮುಂದಿನ ಸೀಟಿನಲ್ಲಿ ಮೂವರು. ಬಲಕ್ಕೆ ದಾಜು, ನಡುವೆ ನಾನು, ಎಡಗಡೆ ಕಾಲಿಪೋಖರಿಯ ಒಬ್ಬಾಕೆ. ಮಗುವಿಗೆ ಕೆಮ್ಮು ಅಂತ ಡಾರ್ಜಿಲಿಂಗ್‌ನಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಊರಿಗೆ ಹೊರಟಿದ್ದಳು. ಮಗು ಮಡಿಲಲ್ಲಿ, ಶಾಲಿನೊಳಗೆ.

ಗಾಜಿನ ಕೆಳಗೆ ಆ ಉಕ್ಕಿನ ಗೋಡೆಯಲ್ಲಿ ಎರಡು ಗಾಳಿಕಿಂಡಿ. ಎಡಕ್ಕೊಂದು, ಬಲಕ್ಕೊಂದು. ಒಂದೊಂದಕ್ಕೂ ಹೊರಗಡೆ ತಗಡಿನ ಮುಚ್ಚಳ, ಒಳಗಡೆ ಹುಳ ಬಾರದ ಹಾಗೆ ಜಾಲರಿ. ಒಳಗಿನ ಹಿಡಿ ತಳ್ಳಿದರೆ ಮುಚ್ಚಳ ತೆರೆದು ಗಾಳಿ ನುಗ್ಗುತ್ತೆ, ಎಳೆದರೆ ಮುಚ್ಚಿಕೊಳ್ಳುತ್ತೆ. ಫ್ಯಾನಿಲ್ಲ, ವೈರಿಲ್ಲ. ಮುಚ್ಚಳಕ್ಕೂ ಗೋಡೆಗೂ ನಡುವೆ ರಬ್ಬರ್ ಪಟ್ಟಿ ಇದ್ದರೆ ಮಳೆ ಹೊರಗೇ ಉಳಿಯುತ್ತೆ. ಆದರೆ ರಬ್ಬರಿಗೂ ವಯಸ್ಸಾಗುತ್ತಲ್ಲ! ಅರವತ್ತು ವರ್ಷದ ಗಾಡಿಯಲ್ಲಿ ರಬ್ಬರು ಗಟ್ಟಿಯಾಗಿ, ಬಿರಿದು, ಪುಡಿಯಾಗಿ ಉದುರುತ್ತೆ. ಕೀಲು ಸವೆದು ಮುಚ್ಚಳ ಒಂದು ಕಡೆಗೆ ವಾಲುತ್ತೆ. ಅಂಚಿಗೆ ತುಕ್ಕು ಹಿಡಿಯುತ್ತೆ. ಆಮೇಲೆ ಹಿಡಿಯನ್ನು ಎಷ್ಟೇ ಬಿಗಿಯಾಗಿ ಎಳೆದರೂ ನೀರಿಗೆ ದಾರಿ ಇದ್ದೇ ಇರುತ್ತೆ.

ದಾಜು ಬಲಗಡೆಯ ರಬ್ಬರನ್ನು ಹಿಂದಿನ ವಾರವಷ್ಟೇ ಹೊಸದು ಅಂಟಿಸಿದ್ದರಂತೆ. ಎಡಗಡೆಗೆ ರಬ್ಬರು ಸಾಲಲಿಲ್ಲ.

“ಆ ಕಡೆ ಸ್ವಲ್ಪ ಸೋರುತ್ತೆ, ಭಾಯಿ” ಅಂದರು, ಹವಾಮಾನ ವರದಿ ಓದುವವರ ಹಾಗೆ.

ಮೇಘಮಾ ಎಂಬ ಮೋಡದೂರು

ಚಿತ್ರೆ ದಾಟುವವರೆಗೂ ಬಿಸಿಲು. ಇಳಿಜಾರಿನಲ್ಲಿ ಕೆಂಪು ಗುರಾಸ್ ಹೂವಿನ ಮರಗಳು, ಬಣ್ಣದ ಚಿತ್ರದ ಪೋಸ್ಟರ್ ಹಾಗೆ! ಆಮೇಲೆ ಯಾರೋ ಪ್ರೊಜೆಕ್ಟರ್ ದೀಪ ಆರಿಸಿದಂತೆ ಬೆಳಕು ಹೋಯಿತು. ಹನಿ, ಹಿಂದೆಯೇ ಆಲಿಕಲ್ಲು. ತಗಡಿನ ಮೇಲೆ ತಮಟೆ ಬಾರಿಸಿದ ಸದ್ದು.

ಎಡಗಿಂಡಿಯಿಂದ ಮೊದಲು ಒಂದು ಹನಿ, ಆಮೇಲೆ ದಾರದಂತೆ ನೀರು. ನೇರ ಆ ತಾಯಿಯ ಮಡಿಲಿಗೆ! ಆಕೆ ಶಾಲನ್ನು ಎಳೆದುಕೊಂಡಳೇ ಹೊರತು ಬಾಯಿ ಬಿಡಲಿಲ್ಲ. ಮಗು ಕೆಮ್ಮಿತು. ದಾಜು ಗಾಡಿ ನಿಲ್ಲಿಸಿದರು. ನಾನೂ ಆಕೆಯೂ ಜಾಗ ಬದಲಾಯಿಸಿಕೊಂಡೆವು. ಆಕೆ ನಡುವೆ, ನಾನು ಅಂಚಿಗೆ. ಹಿಮಾಲಯದ ನೀರು ಎಷ್ಟು ತಣ್ಣಗಿರುತ್ತೆ ಅಂತ ಆಗ ನನ್ನ ಎಡಮೊಣಕಾಲಿಗೆ ತಿಳಿಯಿತು.

ಮೇಘಮಾ ಹತ್ತಿರ ಬಂದಾಗ ನಿಜವಾದ ತಾಪತ್ರಯ ಶುರುವಾಯಿತು. ಹೆಸರಿನಲ್ಲೇ ಮೇಘ ಇರುವ ಊರು. ಹೊರಗೆ ಮಂಜು, ಒಳಗೆ ಹಿಂದಿನವರೂ ಸೇರಿ ಎಂಟು ಜನರ ಬಿಸಿಯುಸಿರು, ಒದ್ದೆ ಬಟ್ಟೆ. ಗಾಜಿನ ಒಳಮೈ ಹಾಲಿನ ಬಣ್ಣಕ್ಕೆ ತಿರುಗಿತು. ವೈಪರ್ ಹೊರಗಿನ ನೀರನ್ನಷ್ಟೇ ಒರೆಸುತ್ತೆ, ಒಳಗಿನದನ್ನು ಒರೆಸುವವರು ಯಾರು?

ತಿರುವಿನಲ್ಲಿ ಇನ್ನೊಂದು ಹಳೇ ಗಾಡಿ ಕಲ್ಲುಗೋಡೆಗೆ ಒತ್ತಿ ನಿಂತಿತ್ತು. ಅದರ ಡ್ರೈವರ್ ಚಿಕ್ಕ ಹುಡುಗ. ಕೈಯಲ್ಲಿ ಬಟ್ಟೆ ಹಿಡಿದು ಗಾಜನ್ನು ಒಳಗಿನಿಂದ ಒರೆಸುತ್ತಿದ್ದಾನೆ, ಒರೆಸಿದ ಅರ್ಧ ನಿಮಿಷಕ್ಕೆ ಮತ್ತೆ ಮಬ್ಬು. ನೋಡಿದರೆ ಆ ಗಾಡಿಯ ಎರಡೂ ಕಿಂಡಿಗಳಿಗೆ ಡಾಂಬರು ಮೆತ್ತಿ ಶಾಶ್ವತವಾಗಿ ಮುಚ್ಚಿದ್ದಾರೆ! ಒಂದು ಹನಿ ಸೋರುವುದಿಲ್ಲ, ನಿಜ. ಆದರೆ ಮುಂದಿನ ದಾರಿ ಕಾಣುವುದಿಲ್ಲ. ಎಡಗಡೆ ಎರಡು ಅಡಿ ಬಿಟ್ಟರೆ ಕಣಿವೆ.

ದಾಜು ನನ್ನ ಮುಖ ನೋಡಿದರು.

“ಭಾಯಿ, ತೆರೀಲಾ?”

“ತೆರೀರಿ ದಾಜು” ಅಂದೆ. ಬೇರೆ ಏನು ಹೇಳಲಿ!

ಎರಡೂ ಹಿಡಿ ತಳ್ಳಿದರು. ಚಾಕುವಿನಂಥ ಗಾಳಿ ಒಳಗೆ ನುಗ್ಗಿತು. ನನ್ನ ಪ್ಯಾಂಟು ಸೊಂಟದವರೆಗೂ ಒದ್ದೆ. ಆದರೆ ಗಾಜಿನ ಮಬ್ಬು ಕೆಳಗಿನಿಂದ ಮೇಲಕ್ಕೆ, ನಾಟಕದ ಪರದೆ ಏರಿದಂತೆ ಕರಗಿತು! ವಿದ್ಯೆ ಬಹಳ ಸರಳ. ತಣ್ಣನೆಯ ಗಾಳಿಯಲ್ಲಿ ನೀರಿನ ಆವಿ ಕಡಿಮೆ. ಅದು ಒಳಗೆ ಬಂದು ಸ್ವಲ್ಪ ಬೆಚ್ಚಗಾದರೆ, ನಮ್ಮ ಉಸಿರಿನ ಆವಿಯನ್ನು ಹೀರಿಕೊಂಡು ಸಂದುಗೊಂದಿನಿಂದ ಹೊರಗೆ ಹೋಗುತ್ತೆ.

ದಾಜು ಆ ಹುಡುಗನಿಗೆ ಕೂಗಿ ಹೇಳಿದರು. ಅವನು ಪಕ್ಕದ ಗಾಜುಗಳನ್ನು ಪೂರ್ತಿ ಸರಿಸಿ, ನಮ್ಮ ಹಿಂದಿನ ಕೆಂಪು ದೀಪ ನೋಡಿಕೊಂಡೇ ನಿಧಾನವಾಗಿ ಬಂದ. ತುಮ್‌ಲಿಂಗ್ ತಲುಪುವಷ್ಟರಲ್ಲಿ ಕತ್ತಲು. “ಇನ್ನು ಒಂದು ಹೆಜ್ಜೆ ಇಲ್ಲ” ಅಂದುಬಿಟ್ಟರು ದಾಜು. ಎಲ್ಲರಿಗೂ ಅಲ್ಲೇ ಠಿಕಾಣಿ. ತಾಯಿ ಮಗುವಿಗೆ ಒಲೆಯ ಪಕ್ಕ ಜಾಗ ಸಿಕ್ಕಿತು.

ಬೆಳಗಿನ ಆಪರೇಷನ್

ಮರುದಿನ ಐದೂವರೆಗೆ ಎದ್ದು ನೋಡುತ್ತೇನೆ, ಕಾಂಚನಜುಂಗಾ ಬಂಗಾರದ ಬಣ್ಣದಲ್ಲಿ ನಿಂತಿದೆ. ಎಲ್ಲರೂ ಕ್ಯಾಮೆರಾ ಹಿಡಿದು ಆ ಕಡೆ. ದಾಜು ಮಾತ್ರ ಅದಕ್ಕೆ ಬೆನ್ನು ಹಾಕಿ ಎಡಗಿಂಡಿಯ ಮುಚ್ಚಳ ಬಿಚ್ಚುತ್ತಿದ್ದರು. ನಾನೂ ಅಲ್ಲಿಗೇ ಹೋದೆ.

ಮೊದಲು ಹಳೇ ರಬ್ಬರು, ಹಳೇ ಅಂಟು ಎಲ್ಲ ಕೆರೆದು ತೆಗೆದರು. ಅಂಚಿನ ತುಕ್ಕನ್ನು ಉಜ್ಜುಕಾಗದದಲ್ಲಿ ಉಜ್ಜಿ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಟ್ಟರು. ಲಾಡ್ಜಿನವರು ಒಂದು ಹರಿದ ಟೈರ್ ಟ್ಯೂಬ್ ಕೊಟ್ಟರು. ಅದನ್ನು ಉದ್ದುದ್ದ ಪಟ್ಟಿಯಾಗಿ ಕತ್ತರಿಸಿ, ಎರಡಾಗಿ ಮಡಿಸಿ, ಪಂಕ್ಚರ್ ಸಲ್ಯೂಷನ್‌ನಲ್ಲಿ ಅಂಟಿಸಿದರು. ಪಟ್ಟಿಯ ಎರಡು ತುದಿ ಸೇರುವ ಜಾಗವನ್ನು ಕೆಳಬದಿಗೆ ಇಟ್ಟರು. ಮೇಲೆ ಇಟ್ಟರೆ ಹರಿದು ಬರುವ ನೀರು ಮೊದಲು ಆ ಸಂದನ್ನೇ ಹುಡುಕುತ್ತಂತೆ.

ಸ್ಪಂಜು ತುಂಬಬಾರದಾ ಅಂತ ಕೇಳಿದೆ. ದಾಜು ನಕ್ಕರು. “ಸ್ನಾನದ ಸ್ಪಂಜು ನೀರು ಕುಡಿಯುತ್ತೆ ಭಾಯಿ. ಕುಡಿದದ್ದನ್ನು ತಗಡಿಗೆ ಕೊಡುತ್ತೆ. ಒಂದು ಮಳೆಗಾಲ ಸಾಕು, ಗೋಡೆಯೇ ತಿಂದುಹೋಗುತ್ತೆ.” ನೀರು ಕುಡಿಯದ, ಒಳಗಿನ ಗುಳ್ಳೆಗಳು ಮುಚ್ಚಿಕೊಂಡಿರುವ ಮೆತ್ತನೆ ರಬ್ಬರೇ ಇದಕ್ಕೆ ಸರಿಯಾದ ಮದ್ದು. ಟ್ಯೂಬು ತಾತ್ಕಾಲಿಕ. ತುಂಬಾ ದಪ್ಪ ರಬ್ಬರೂ ಆಗದು. ಬಲವಂತವಾಗಿ ಎಳೆದರೆ ಮುಚ್ಚಳವೇ ಬಾಗಿ ಮೂಲೆಗಳಲ್ಲಿ ಬಾಯಿ ಬಿಡುತ್ತೆ.

ಆಮೇಲೆ ಪರೀಕ್ಷೆ. ಸಿಗರೇಟು ಪ್ಯಾಕಿನ ಕಾಗದ ಹರಿದು, ಪಟ್ಟಿ ಮಾಡಿ, ಮುಚ್ಚಳದ ಅಂಚಿಗೆ ಸಿಕ್ಕಿಸಿ ಮುಚ್ಚಿದರು. “ಎಳಿ” ಅಂದರು. ಎಳೆದೆ, ಬರಲಿಲ್ಲ. ಸುತ್ತಲೂ ಎಂಟು ಕಡೆ ಹೀಗೆ ನೋಡಿದೆವು. ಒಂದು ಮೂಲೆಯಲ್ಲಿ ಮಾತ್ರ ಕಾಗದ ಸಲೀಸಾಗಿ ಜಾರಿ ಬಂತು. ಅಲ್ಲಿ ಇನ್ನೊಂದು ತುಂಡು ಅಂಟಿಸಿದರು. ಕೊನೆಗೆ ನಾನು ಚೊಂಬಿನಿಂದ ನೀರು ಹೊಯ್ದೆ, ಆ ತಾಯಿ ಒಳಗೆ ಕೂತು ಕೈಯಾಡಿಸಿ ನೋಡಿದಳು. ಒಣಗಿತ್ತು! ಕಿಂಡಿಗೆ ಮಾತ್ರ ಹೊಯ್ಯಬೇಕು, ಗಾಜಿಗೆ ತಾಗಿಸಬಾರದು. ಎಷ್ಟೋ ಗಾಡಿಗಳಲ್ಲಿ ನೀರು ಬರುವುದು ಗಾಜಿನ ಚೌಕಟ್ಟಿನ ಅಡಿಯಿಂದ, ಬೈಗುಳ ಮಾತ್ರ ಕಿಂಡಿಗೆ.

ಆ ಹುಡುಗನೂ ಬಂದು ಕುಕ್ಕರಗಾಲಲ್ಲಿ ಕೂತು ಎಲ್ಲ ನೋಡಿದ. ಕೊನೆಗೆ ಏನೂ ಮಾತಾಡದೆ ಸ್ಕ್ರೂಡ್ರೈವರ್ ಇಸಿದುಕೊಂಡು ಹೋಗಿ, ತನ್ನ ಗಾಡಿಯ ಡಾಂಬರು ಕೆರೆಯತೊಡಗಿದ.

ಮುಚ್ಚಿಹೋದ ಕಿಂಡಿಗಳು

ತುಮ್‌ಲಿಂಗ್‌ನಿಂದ ಗೈರಿಬಾಸ್‌ಗೆ ಇಳಿದು ಮತ್ತೆ ಏರು. ಕೆಳಗಿನ ದಾರಿಗೆ ಅಷ್ಟಿಷ್ಟು ಕಾಂಕ್ರೀಟ್ ಬಿದ್ದಿತ್ತು, ಮೇಲೆ ಹೋದಂತೆ ಬರೀ ಕಲ್ಲು. ನಡೆಯುವ ವೇಗದಲ್ಲಿ ಗಾಡಿ ಹತ್ತುತ್ತೆ. ದಾಜುವಿನ ಮಗನಿಗೆ ಬೊಲೆರೋ ಇದೆಯಂತೆ. ಅಪ್ಪಾ, ಇದನ್ನು ಮಾರಿಬಿಡು ಅಂತ ದಿನಾ ಹೇಳುತ್ತಾನಂತೆ.

“ಮಾರ್ತೀರಾ?” ಅಂತ ಕೇಳಿದೆ.

“ಇದು ಎಲ್ಲಿ ಸೋರುತ್ತೆ ಅಂತ ನನಗೆ ಗೊತ್ತು. ಹೊಸದು ಎಲ್ಲಿ ಕೈಕೊಡುತ್ತೆ ಅಂತ ತಿಳಿಯೋಕೆ ಇನ್ನು ನನಗೆ ವಯಸ್ಸೆಲ್ಲಿದೆ?” ಅಂದರು.

ಈ ಕಿಂಡಿಯ ಕಥೆ ಇಂಗ್ಲೆಂಡಿನಲ್ಲೂ ಮುಗಿದಿದೆ. ಇದೇ ವಂಶದ ಡಿಫೆಂಡರ್ ಗಾಡಿಗೆ 2007ರಲ್ಲಿ ಹೊಸ ಎಂಜಿನ್, ಹೊಸ ಡ್ಯಾಶ್ ಬಂದಾಗ ಗಾಳಿಕಿಂಡಿ ತೆಗೆದುಹಾಕಿದರು. ತಗಡಿನ ಮೇಲೆ ಅದರ ಆಕಾರದ ಅಚ್ಚು ಮಾತ್ರ ಉಳಿಯಿತು. 2016ರ ಜನವರಿ 29ರಂದು ಸೋಲಿಹಲ್ ಕಾರ್ಖಾನೆಯಿಂದ ಆ ಹಳೇ ಮಾದರಿಯ ಕೊನೆಯ ಡಿಫೆಂಡರ್ ಹೊರಬಂತು.

ಕಾಲಿಪೋಖರಿಯಲ್ಲಿ ಆ ತಾಯಿ ಇಳಿದಳು. ದಾರಿಯಲ್ಲಿ ಮತ್ತೆ ಒಂದು ಹದ ಮಳೆ ಬಂದಿತ್ತು, ಎಡಗಿಂಡಿ ಒಂದು ಹನಿ ಬಿಡಲಿಲ್ಲ. ಮಗು ನಿದ್ದೆ ಮಾಡುತ್ತಿತ್ತು. ಮಧ್ಯಾಹ್ನ ಸಂದಕ್‌ಫು ಮುಟ್ಟಿದೆವು. ಅವತ್ತು ಬರೀ ಮೋಡ. ಮಾರನೇ ಬೆಳಗ್ಗೆ ಎವರೆಸ್ಟ್, ಕಾಂಚನಜುಂಗಾ, ಲ್ಹೋತ್ಸೆ, ಮಕಾಲು, ಜಗತ್ತಿನ ಐದು ಅತಿ ಎತ್ತರದ ಶಿಖರಗಳಲ್ಲಿ ನಾಲ್ಕು, ಒಂದೇ ಫ್ರೇಮಿನಲ್ಲಿ! ಮಲ್ಟಿಸ್ಟಾರರ್ ಅಂದರೆ ಇದು.

‘ಗಂಧದ ಗುಡಿ’ಯಲ್ಲಿ ಅಣ್ಣಾವ್ರನ್ನು ಅರಣ್ಯಾಧಿಕಾರಿಯಾಗಿ ನೋಡಿದಂದಿನಿಂದ ಒಂದು ಜೀಪ್ ಇಟ್ಟುಕೊಳ್ಳಬೇಕು ಅಂತ ಕನಸು ಕಾಣುವ ಗೆಳೆಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹಳೇ ಗಾಡಿ ಕೊಂಡರೆ ಟೇಪ್ ರೆಕಾರ್ಡರ್ ಹಾಕಿಸುವ ಮೊದಲು ಕಿಂಡಿಯ ರಬ್ಬರು ನೋಡಿ. ಸೋರುತ್ತೆ ಅಂತ ಸಿಟ್ಟಿನಲ್ಲಿ ಡಾಂಬರು, ಸಿಮೆಂಟು ಮೆತ್ತಬೇಡಿ. ಚೆನ್ನಾಗಿ ಮುಚ್ಚಬೇಕು, ಬೇಕಾದಾಗ ತೆರೆಯಲೂ ಬೇಕು, ಅಂಥ ರಿಪೇರಿ ಮಾಡಿಸಿ. ಇನ್ನು ಸಂದಕ್‌ಫು ನೋಡುವ ಆಸೆ ಇದ್ದವರು ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಹೋಗಬೇಡಿ, ಮಳೆಗಾಲ ಅಂತ ಸಿಂಗಾಲಿಲಾ ಉದ್ಯಾನ ಮುಚ್ಚಿರುತ್ತೆ. ಉಳಿದ ದಿನಗಳಲ್ಲಿ ಮಾನೇಭಂಜನ್‌ನಲ್ಲಿ ಹಳೇ ಗಾಡಿ ಇನ್ನೂ ಸಿಕ್ಕರೆ ಅದನ್ನೇ ಹತ್ತಿ. ಜೇಬಿನಲ್ಲಿ ಒಂದು ಸಲ್ಯೂಷನ್ ಟ್ಯೂಬು, ಚೀಲದಲ್ಲಿ ಇನ್ನೊಂದು ಒಣ ಪ್ಯಾಂಟು ಇರಲಿ!